ಮೈಕೋಬ್ಯಾಕ್ಟೀರಿಯಾ ಸೋಂಕಿಗೆ ಈಡುಮಾಡುವ ಆನುವಂಶಿಕ ನ್ಯೂನತೆಗಳು

ಸಾಮಾನ್ಯರಿಗೆ ಯಾವ ಬಾಧೆಯನ್ನೂ ಕೊಡದ, ಮಣ್ಣುನೀರುಗಳಲ್ಲಿ ನೆಲೆಸಿರುವ ದುರ್ಬಲ ಮೈಕೋಬ್ಯಾಕ್ಟೀರಿಯಾಗಳೂ ಕ್ಷಯನಿರೋಧಕವಾದ ಬಿ.ಸಿ.ಜಿ. ಲಸಿಕೆಯ ಸಜೀವ ರೋಗಾಣುಗಳೂ ದೇಹದಲ್ಲಿ ಉಗ್ರರೂಪ ತಾಳುವುದಕ್ಕೆ ಕಾರಣವಾಗುವ, ವಂಶವಾಹಿಗಳ ಮೂಲಕ ಬರುವ ರೋಗನಿರೋಧಶಕ್ತಿಯ ವಿರಳ ದೋಷಗಳ ಸಮೂಹವಿದು. ಇದರ ಇತಿಹಾಸವು ಲಸಿಕೆಯ ಇತಿಹಾಸದೊಡನೆ ಹೆಣೆದುಕೊಂಡಿದೆ.

ಫ್ರಾನ್ಸಿನ ಕಾಲ್ಮೆಟ್ ಮತ್ತು ಗೆರಾನ್ ಎಂಬ ವಿಜ್ಞಾನಿಗಳು ದನಗಳ ಕ್ಷಯಾಣುವನ್ನು ವರ್ಷಗಟ್ಟಲೆ ಕೃಷಿಮಾಡಿ, ಅದರ ಉಗ್ರತೆಯನ್ನು ಕುಗ್ಗಿಸಿ ಸಿದ್ಧಪಡಿಸಿದ ಈ ಲಸಿಕೆಯನ್ನು 1921ರಲ್ಲಿ ಪ್ಯಾರಿಸಿನ ಶಿಶುವೊಂದಕ್ಕೆ ಮೊದಲಬಾರಿಗೆ ಕೊಡಲಾಯಿತು. 1930ರಲ್ಲಿ ಜರ್ಮನಿಯ ಲ್ಯೂಬೆಕ್ ನಗರದಲ್ಲಿ ಲಸಿಕೆ ಪಡೆದ 70ಕ್ಕೂ ಹೆಚ್ಚು ಶಿಶುಗಳು ಮಡಿದಾಗ, ಲಸಿಕೆಯೊಡನೆ ಉಗ್ರ ಕ್ಷಯಾಣು ಬೆರೆತದ್ದೇ ಕಾರಣವೆಂದು ನಿರ್ಣಯವಾಯಿತು. ಆದರೆ ಶುದ್ಧವಾದ ಲಸಿಕೆಯಿಂದಲೇ ಎಲ್ಲೋ ಒಂದು ಮಗು ಪ್ರಾಣಾಪಾಯಕ್ಕೆ ಸಿಲುಕುತ್ತಿದ್ದುದಕ್ಕೆ ಮುಂದೆಯೂ ಬಹುಕಾಲ ಸಮಾಧಾನ ದೊರೆಯಲಿಲ್ಲ.

ಭಾರತದಲ್ಲಿ 1948ರಲ್ಲಿ ಮದನಪಲ್ಲಿಯಲ್ಲಿ ಆರಂಭವಾದ ಬಿ.ಸಿ.ಜಿ. ಕಾರ್ಯವು 1951ರಲ್ಲಿ ದೇಶವ್ಯಾಪಿ ಆಂದೋಲನವಾಯಿತು. ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ 1959ರಲ್ಲಿ ಸ್ಥಾಪಿತವಾಗಿ, 1960ರ ಸೆಪ್ಟೆಂಬರ್ 16ರಂದು ಜವಾಹರಲಾಲ್ ನೆಹರೂ ಅವರಿಂದ ಉದ್ಘಾಟನೆಗೊಂಡ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯು ದೇಶದ ಕ್ಷಯನಿಯಂತ್ರಣ ಕಾರ್ಯಕ್ರಮವನ್ನು ರೂಪಿಸಿತು. ಅದೇ ನಗರದ ದಂಡುಪ್ರದೇಶದ ಶಿವಾಜಿನಗರದಲ್ಲಿರುವ ಘೋಷಾ ಆಸ್ಪತ್ರೆಯಂಥ ಹೆರಿಗೆ ಆಸ್ಪತ್ರೆಗಳಲ್ಲಿ ಹುಟ್ಟಿದ ಕೂಸಿನ ಎಡತೋಳಿನ ಚರ್ಮದೊಳಕ್ಕೆ 0.05 ಮಿಲಿಲೀಟರಿನಷ್ಟು ಲಸಿಕೆಯನ್ನು ಚುಚ್ಚುವುದು ವಾಡಿಕೆ. ಕೆಲವು ವಾರಗಳಲ್ಲಿ ಅಲ್ಲಿ ಸಣ್ಣ ಗುಳ್ಳೆಯೆದ್ದು, ಒಡೆದು, ಮಾಗಿ, ಕಲೆಯೊಂದು ಉಳಿಯುತ್ತದೆ. ನ್ಯೂನತೆಯುಳ್ಳ ಮಗುವಿನಲ್ಲಾದರೋ ಹುಣ್ಣು ಮಾಯದೆ, ಎಡಗಂಕುಳಲ್ಲಿ ಗಂಟುಕಟ್ಟಿ ಕೀವು ಸೋರಿ, ಅಣುಗಳು ಯಕೃತ್ತು, ಪ್ಲೀಹ, ಮೂಳೆಗಳಿಗೆ ವ್ಯಾಪಿಸಬಹುದು.

ಶುದ್ಧ ಲಸಿಕೆಯೂ ಕೆಲವು ಮಕ್ಕಳಿಗೆ ಮುಳುವಾಗುತ್ತಿದ್ದ ಈ ಒಗಟು ಬಿಡಿಸಿಕೊಂಡದ್ದು 1996ರಲ್ಲಿ. ಇಂಥ ಸೋಂಕಿಗೆ ಈಡಾದ ಮಾಲ್ಟಾ ದ್ವೀಪದ ಮಕ್ಕಳನ್ನೂ, ಬಿ.ಸಿ.ಜಿ.ಯಿಂದ ಮಡಿದ ಟ್ಯುನೀಷಿಯದ ಶಿಶುವನ್ನೂ ಕುರಿತು ಲಂಡನ್ ಮತ್ತು ಪ್ಯಾರಿಸಿನ ಎರಡು ತಂಡಗಳು ಬೇರೆಬೇರೆಯಾಗಿ ಶೋಧಿಸಿ, ಇಂಟರ್‌ಫೆರಾನ್-ಗಾಮಾ ಎಂಬ ಸಂದೇಶವಸ್ತುವನ್ನು ಬರಮಾಡಿಕೊಳ್ಳುವ ಗ್ರಾಹಕದ ವಂಶವಾಹಿಯಲ್ಲಿಯೇ ದೋಷವಿರುವುದನ್ನು ಕಂಡುಹಿಡಿದವು. ಅಣುವನ್ನು ನುಂಗಿದ ಭಕ್ಷಕಕೋಶವು ಇಂಟರ್‌ಲ್ಯೂಕಿನ್-12 ಎಂಬ ಸಂದೇಶವಸ್ತುವನ್ನು ಸ್ರವಿಸುತ್ತದೆ; ಅದರಿಂದ ಪ್ರಚೋದಿತವಾದ ಬಿಳಿಯ ರಕ್ತಕಣಗಳು ಇಂಟರ್‌ಫೆರಾನ್-ಗಾಮಾವನ್ನು ಹೊರಸೂಸಿ, ನುಂಗಿದ ಅಣುವನ್ನು ಕೊಲ್ಲುವ ಬಲವನ್ನು ಭಕ್ಷಕಕೋಶಕ್ಕೆ ತುಂಬುತ್ತವೆ. ಈ ಸರಣಿಯ ಯಾವ ಕೊಂಡಿ ಕಳಚಿದರೂ ಅಣು ಕೋಶದೊಳಗೇ ವೃದ್ಧಿಸುತ್ತದೆ. 1998ರಲ್ಲಿ ಇಂಟರ್‌ಲ್ಯೂಕಿನ್-12ರ ಮತ್ತು ಅದರ ಗ್ರಾಹಕದ ದೋಷಗಳೂ ಬೆಳಕಿಗೆ ಬಂದವು. ಇಂಟರ್‌ಲ್ಯೂಕಿನ್-12ರ ಗ್ರಾಹಕದ ದೋಷವುಳ್ಳವರನ್ನು ಸಾಲ್ಮೊನೆಲ್ಲ ಸೋಂಕೂ ಪದೇಪದೇ ಕಾಡುವುದುಂಟು.

ಇವುಗಳಲ್ಲಿ ಅನೇಕವು ತಂದೆತಾಯಿಗಳಿಬ್ಬರಿಂದಲೂ ದೋಷಯುಕ್ತ ವಂಶವಾಹಿ ಬಂದಾಗ ಮಾತ್ರ ತಲೆದೋರುವಂಥವು; ರಕ್ತಸಂಬಂಧಿಗಳು ದಂಪತಿಗಳಾದಾಗ ಈ ಸಂಭವ ಹೆಚ್ಚು. ಬೆಂಗಳೂರು, ಮೈಸೂರು ನಗರಗಳ ಸುಮಾರು ಮೂರರಲ್ಲೊಂದು ಮದುವೆ ರಕ್ತಸಂಬಂಧಿಗಳೊಳಗೆ ನಡೆದಿತ್ತೆಂದು ಅಪ್ಪಾಜಿರಾವ್, ಬಿಟಲ್ಸ್ ಮೊದಲಾದವರ 1987ರ ಅಧ್ಯಯನ ತಿಳಿಸಿತು. ಅಕ್ಕನ ಮಗಳನ್ನೋ ಸೋದರತ್ತೆಯ ಮಗಳನ್ನೋ ವರಿಸುವ ಪದ್ಧತಿಯಿರುವ ಈ ನಾಡಿಗೆ ಆ ವಿಚಾರ ಅಪ್ರಸ್ತುತವಲ್ಲ. 2021ರಲ್ಲಿ ಭಾರತದ ಹಲವು ಚಿಕಿತ್ಸಾಕೇಂದ್ರಗಳ ವೈದ್ಯರು ಈ ನ್ಯೂನತೆಗಳುಳ್ಳ 55 ರೋಗಿಗಳ ವೃತ್ತಾಂತವನ್ನು ಒಟ್ಟಾಗಿ ಪ್ರಕಟಿಸಿದರು.

ದೀರ್ಘಕಾಲದ ಪ್ರತಿಜೈವಿಕಗಳು ಚಿಕಿತ್ಸೆಯ ಮೂಲ; ಆದರೆ ಬಿ.ಸಿ.ಜಿ. ಅಣುವಿಗೆ ಪೈರಜಿನಮೈಡ್ ಎಂಬ ಕ್ಷಯದ ಔಷಧ ನಾಟದು. ಇಂಟರ್‌ಲ್ಯೂಕಿನ್-12ರ ದೋಷಕ್ಕೆ ಇಂಟರ್‌ಫೆರಾನ್-ಗಾಮಾ ಚುಚ್ಚುಮದ್ದು ಫಲಕಾರಿ. ಇಂಟರ್‌ಫೆರಾನ್ ಗ್ರಾಹಕವೇ ಇಲ್ಲದವರಿಗೆ ಅದು ನಿಷ್ಫಲವಾಗಿ, ಅಸ್ಥಿಮಜ್ಜೆಯ ಕಸಿಯೊಂದೇ ಮಾರ್ಗ. ಲಸಿಕೆಯು ಅಸಂಖ್ಯ ಮಕ್ಕಳನ್ನು ಕ್ಷಯದ ಮಿದುಳುಪೊರೆಯುರಿತದಿಂದ ಕಾಪಾಡುವುದರಿಂದ ಅದನ್ನು ಎಲ್ಲರಿಗೂ ನಿಲ್ಲಿಸುವುದು ಯುಕ್ತವಲ್ಲ. ಹಿರಿಯ ಕೂಸೊಂದು ಲಸಿಕೆಯ ಬಳಿಕ ಇಂಥ ಬೇನೆಯಿಂದ ತೀರಿಕೊಂಡಿರುವ ಮನೆಯಲ್ಲಿ ಮಾತ್ರ, ಈ ನ್ಯೂನತೆಯ ಪರೀಕ್ಷೆಯ ಫಲ ತಿಳಿಯುವವರೆಗೆ ಮುಂದಿನ ಮಗುವಿಗೆ ಅದನ್ನು ತಡೆಹಿಡಿಯುವುದು ವಿಹಿತ.