ಹಿತ್ತಲಿನಿಂದ ಅಂಗಡಿಗೆ ಹೋದ ಸೋಪು



ನಮ್ಮ ಸಂಘದ ರಜತ ಮಹೋತ್ಸವದ ಸಂಚಿಕೆಗೆ ನಿರ್ದೇಶಕರೆಲ್ಲ ಒಂದೊಂದು ಲೇಖನ ಕೊಡಬೇಕೆಂದು ಕಾರ್ಯದರ್ಶಿಗಳು ಹೇಳಿದಾಗ ನನಗೆ ಗಾಬರಿಯಾಯಿತು. ಎಸ್.ಎಸ್.ಎಲ್.ಸಿ. ಮುಗಿಸಿ ನೇಗಿಲು ಹಿಡಿದವನು ನಾನು. ಸಾಲ, ಗೊಬ್ಬರ, ವಸೂಲಿ ವಿಷಯ ಬರೆಯುವವರು ಬೇರೆ ಇದ್ದಾರೆ. ಆದ್ದರಿಂದ ನನಗೆ ಗೊತ್ತಿರುವ ಹಿತ್ತಲಿನ ವಿಷಯ ಬರೆಯುತ್ತೇನೆ. ತಪ್ಪಿದ್ದರೆ ತಿದ್ದಿಕೊಳ್ಳಿ.

ನಾನು ಹುಡುಗನಾಗಿದ್ದಾಗ ನಮ್ಮ ಮನೆಯಲ್ಲಿ ಸೋಪಿಗೆ ದುಡ್ಡು ಕೊಡುತ್ತಿದ್ದುದು ಕಡಿಮೆ. ಹಿತ್ತಲ ಬೇಲಿ ತುಂಬ ಸೀಗೆ ಮೆಳೆ. ಅದರ ಮುಳ್ಳು ದಾಟಿ ದನವೂ ಬರುತ್ತಿರಲಿಲ್ಲ, ಕಳ್ಳನೂ ಬರುತ್ತಿರಲಿಲ್ಲ. ಬಾವಿ ಹತ್ತಿರ ದಾಸವಾಳ, ಬಚ್ಚಲ ನೀರು ಹರಿಯುವ ಕಡೆ ಅರಿಶಿನ, ಮೂಲೆಯಲ್ಲಿ ಒಂದು ಅಂಟುವಾಳದ ಮರ. ದೀಪಾವಳಿಯ ನೀರು ತುಂಬುವ ಹಬ್ಬ ಬಂತೆಂದರೆ ಅಜ್ಜಿ ನಮಗೆಲ್ಲ ಹರಳೆಣ್ಣೆ ತಿಕ್ಕಿ, ಹಂಡೆಯ ಬಿಸಿನೀರು ಹುಯ್ದು, ಸೀಗೆಪುಡಿ ಹಾಕಿ ಉಜ್ಜುತ್ತಿದ್ದರು. ಕಣ್ಣಿಗೆ ಬಿದ್ದರೆ ಊರೇ ಕೇಳುವಂತೆ ಕೂಗಿಕೊಳ್ಳುತ್ತಿದ್ದೆವು. ಸೀಗೆ ಸಾಲದಿದ್ದರೆ ಸುಜ್ಜಲು ಪುಡಿ. ಮೈಗೆ ಕಡಲೆಹಿಟ್ಟು. ರೇಷ್ಮೆ ಸೀರೆಗೂ ಚಿನ್ನದ ಒಡವೆಗೂ ಅಂಟುವಾಳದ ನೊರೆ. ಪಾತ್ರೆಗೆ ಒಲೆಯ ಬೂದಿ, ಬಟ್ಟೆಗೆ ಚೌಳು ಮಣ್ಣು. ಸೀಗೆಕಾಯಿ ಹಿಡಿದುಕೊಂಡು ಹೋದರೆ ಹಿಟ್ಟಿನ ಗಿರಣಿಯವನು ಮಾತ್ರ ಮುಖ ಸಿಂಡರಿಸುತ್ತಿದ್ದ. ಅದನ್ನು ಬೀಸಿದ ದಿನ ಗಿರಣಿಗೆ ಬಂದವರೆಲ್ಲ ಸೀನಬೇಕಲ್ಲ!

ಸೀಗೆ, ಅಂಟುವಾಳದ ಕಾಯಿಯಲ್ಲಿ ಸಪೋನಿನ್ ಎಂಬ ಅಂಶವಿದೆ. ನೀರಿನಲ್ಲಿ ಕಲಸಿದರೆ ಅದೇ ನೊರೆಯೆದ್ದು ಜಿಡ್ಡು ಬಿಡಿಸುತ್ತದೆ. ಸೋಪು ಆಗುವ ರೀತಿ ಬೇರೆ. ಕೊಬ್ಬರಿ, ಹೊಂಗೆ, ಬೇವು, ಹಿಪ್ಪೆ ಇಂಥ ಎಣ್ಣೆಗೆ ಕ್ಷಾರ ಸೇರಿದಾಗ ಎಣ್ಣೆಯೇ ಸೋಪಾಗುತ್ತದೆ. ನೋಡಿ, ಎಣ್ಣೆಯ ಮರಗಳೂ ನಮ್ಮ ಹೊಲದ ಬದುವಿನಲ್ಲೇ ಇದ್ದವು. ಆದರೂ ಬಿಲ್ಲೆ ಸೋಪು ನಮ್ಮ ದೇಶಕ್ಕೆ ಹಡಗಿನಲ್ಲಿ ಬಂತು. 1888ರಲ್ಲಿ ಇಂಗ್ಲೆಂಡಿನ ಸನ್‌ಲೈಟ್ ಸೋಪಿನ ಪೆಟ್ಟಿಗೆಗಳು ಕಲ್ಕತ್ತೆಯ ಬಂದರಿನಲ್ಲಿ ಇಳಿದವು. 1895ರಲ್ಲಿ ಲೈಫ್‌ಬಾಯ್ ಬಂತು.

ಮೈಸೂರು ಸೀಮೆಗೆ ತನ್ನದೇ ಸೋಪು ಬಂದದ್ದು ಒಂದು ಯುದ್ಧದ ದೆಸೆಯಿಂದ. ಆಗ ನಮ್ಮ ಗಂಧದ ಕೊರಡು ಯೂರೋಪಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿತ್ತು. 1914ರಲ್ಲಿ ಮೊದಲನೇ ಮಹಾಯುದ್ಧ ಶುರುವಾಗಿ ಆ ವ್ಯಾಪಾರ ನಿಂತುಹೋಯಿತು. ನಾಲ್ವಡಿ ಕೃಷ್ಣರಾಜ ಒಡೆಯರು ಮಹಾರಾಜರು, ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರು. ಕೊರಡು ಕೊಳೆಹಾಕಿ ಕೂರುವ ಬದಲು ಎಣ್ಣೆಯನ್ನು ಇಲ್ಲೇ ತೆಗೆಯೋಣವೆಂದು ತೀರ್ಮಾನಿಸಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊಫೆಸರ್ ಸಡ್‌ಬರೋ ಮತ್ತು ವಾಟ್ಸನ್ ಅವರು ಎಣ್ಣೆ ಭಟ್ಟಿ ಇಳಿಸುವ ವಿಧಾನ ಸಿದ್ಧಪಡಿಸಿದರು. 1916ರಲ್ಲಿ ಗಂಧದೆಣ್ಣೆ ತೆಗೆಯುವ ಕೆಲಸ ಶುರುವಾಯಿತು. ಸೋಸಲೆ ಗರಳಪುರಿ ಶಾಸ್ತ್ರಿಗಳು ಇಂಗ್ಲೆಂಡಿಗೆ ಹೋಗಿ ಸೋಪಿನ ವಿದ್ಯೆ ಕಲಿತು ಬಂದರು. 1918ರಲ್ಲಿ ಮೈಸೂರು ಸ್ಯಾಂಡಲ್ ಸೋಪು ಹೊರಬಂತು. 1980ರಲ್ಲಿ ಆ ಕಾರ್ಖಾನೆ ಕರ್ನಾಟಕ ಸಾಬೂನು ಮತ್ತು ಮಾರ್ಜಕ ನಿಯಮಿತ ಎಂಬ ಸರ್ಕಾರಿ ಕಂಪನಿಯಾಯಿತು. ನೆಂಟರು ಬಂದಾಗ ಮಾತ್ರ ಅಜ್ಜಿ ಟ್ರಂಕಿನಿಂದ ತೆಗೆಯುತ್ತಿದ್ದ ಸೋಪು ಅದೇ. ಇದು ನಾವೆಲ್ಲ ಹೆಮ್ಮೆ ಪಡುವ ಕಥೆ.

ಆದರೆ ಈ ಕಥೆಗೆ ರೈತನ ಕಡೆಯಿಂದ ಇನ್ನೊಂದು ಮಗ್ಗುಲಿದೆ. ಟಿಪ್ಪು ಸುಲ್ತಾನನ ಕಾಲದಲ್ಲಿ ಗಂಧ ರಾಜವೃಕ್ಷವಾಯಿತು ಎನ್ನುತ್ತಾರೆ. ಒಡೆಯರ ಕಾಲದಲ್ಲೂ, ಸ್ವಾತಂತ್ರ್ಯ ಬಂದ ಮೇಲೂ ಅದು ಮುಂದುವರಿಯಿತು. ಯಾರ ಜಮೀನಿನಲ್ಲೇ ಹುಟ್ಟಲಿ, ಗಂಧದ ಮರ ಸರ್ಕಾರದ್ದು. ಬೆಲೆಯಲ್ಲಿ ಒಂದು ಪಾಲು ಜಮೀನಿನವನಿಗೆ ಕೊಡುವ ನಿಯಮವಿದ್ದರೂ, ಕಳ್ಳರು ಕಡಿದುಕೊಂಡು ಹೋದರೆ ಮೊದಲು ಪ್ರಶ್ನೆ ಕೇಳುತ್ತಿದ್ದುದು ಜಮೀನಿನವನನ್ನೇ. ಹೀಗಾಗಿ ಹಕ್ಕಿ ಹಣ್ಣು ತಿಂದು ಬೀಜ ಹಾಕಿ ನಮ್ಮ ಬೇಲಿಯಲ್ಲಿ ಗಂಧದ ಸಸಿ ಹುಟ್ಟಿದರೆ, ತಾತ ಅತ್ತಿತ್ತ ನೋಡಿ ಕಿತ್ತು ಬಿಸಾಕುತ್ತಿದ್ದರು. ಯಾಕೆ ತಾತ ಅಂದರೆ, ‘ಸರ್ಕಾರದ ಮರಕ್ಕೆ ನಾನ್ಯಾಕ್ಲಾ ಕಾವಲು ಕಾಯ್ಲಿ?’ ಅನ್ನುತ್ತಿದ್ದರು. ಗಂಧದ ನಾಡಿನ ರೈತ ಗಂಧದ ಸಸಿಗೆ ಹೆದರುವ ಕಾಲ ಅದು.

2001ರಲ್ಲಿ ಕರ್ನಾಟಕ ಅರಣ್ಯ ಕಾಯ್ದೆಗೆ ತಿದ್ದುಪಡಿ ಬಂದು, ಜಮೀನಿನವನೇ ತನ್ನ ಗಂಧದ ಮರಕ್ಕೆ ಒಡೆಯನಾದ. ಕಡಿಯಲು ಅಪ್ಪಣೆ ಬೇಕು ಅನ್ನುವುದು ಬೇರೆ ಮಾತು. ನಮ್ಮ ಸಂಘ ಹುಟ್ಟಿದ್ದೂ ಸುಮಾರು ಆಗಲೇ. 2005ರಲ್ಲಿ ನಾನು ಆರು ಸಸಿ ನೆಟ್ಟೆ. ಗಂಧ ತನ್ನ ಬೇರಿನಿಂದ ಪಕ್ಕದ ಗಿಡದ ಬೇರು ಹಿಡಿದು ಆಹಾರ ಎಳೆಯುತ್ತದೆ, ಅದಕ್ಕೇ ಜೊತೆಗೆ ತೊಗರಿ ಹಾಕಬೇಕು. ಇದು ತಿಳಿಯದೆ ನಾನು ಬುಡ ಚೊಕ್ಕಟ ಮಾಡುತ್ತೇನೆಂದು ಸುತ್ತ ಇದ್ದದ್ದನ್ನೆಲ್ಲ ಕಿತ್ತೆ. ನಾಲ್ಕು ಸಸಿ ಹಳದಿಯಾಗಿ ಒಣಗಿಹೋದವು. ಎರಡು ಉಳಿದಿವೆ.

ಇಲ್ಲಿವರೆಗೆ ಸರ್ಕಾರದ ತಪ್ಪು ಹೇಳಿದೆ. ಈಗ ನನ್ನದು ಹೇಳಬೇಕು. 2008ರಲ್ಲಿ ಕಲ್ಲು ಕಂಬ ನೆಟ್ಟು ತಂತಿ ಬೇಲಿ ಹಾಕಲು ಜೆ.ಸಿ.ಬಿ. ತರಿಸಿದೆ. ಅರ್ಧ ಗಂಟೆಯಲ್ಲಿ ಸೀಗೆ ಮೆಳೆ, ಅದರ ಜೊತೆಗೆ ಅಂಟುವಾಳದ ಮರವೂ ಬುಡಮೇಲಾಯಿತು. ಅವ್ವ ಹಿತ್ತಲ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ‘ನಿಮ್ಮಜ್ಜಿ ಹಾಕಿದ್ದು ಕಣಪ್ಪ ಅದು’ ಎಂದರು. ಅಷ್ಟೇ, ಬೈಯಲಿಲ್ಲ. ನಾನು ಜೆ.ಸಿ.ಬಿ. ಬಾಡಿಗೆಯ ಲೆಕ್ಕದಲ್ಲಿದ್ದೆ. ಮುಂದಿನ ದೀಪಾವಳಿಗೆ ಅಂಗಡಿಯಿಂದ ಸೀಗೆಪುಡಿ ಪೊಟ್ಟಣ ತಂದೆವು. ಅವ್ವ ಮೂಸಿ ನೋಡಿ ಪಕ್ಕಕ್ಕಿಟ್ಟರು.

ಗಂಧವನ್ನು ನಮ್ಮಿಂದ ಕಾನೂನು ದೂರ ಮಾಡಿತ್ತು. ಸೀಗೆಗೆ ಯಾವ ಕಾನೂನು ಇತ್ತು? ಅಂಟುವಾಳಕ್ಕೆ ಯಾವ ಗಾರ್ಡು ಬಂದಿದ್ದ? ಅವನ್ನು ನಾವೇ ಕಿತ್ತೆವು. ಸಂಘದ ಸಾಲದಲ್ಲಿ ಬೆಳೆ ಬೆಳೆದು, ಆ ದುಡ್ಡಿನಲ್ಲಿ ಹಿತ್ತಲಲ್ಲಿ ಪುಕ್ಕಟೆ ಸಿಗುತ್ತಿದ್ದುದನ್ನು ಪೊಟ್ಟಣದ ಲೆಕ್ಕದಲ್ಲಿ ಕೊಳ್ಳುತ್ತಿದ್ದೇವೆ.

ಸೋಪು ಬಿಟ್ಟುಬಿಡಿ ಎಂದು ನಾನು ಹೇಳುತ್ತಿಲ್ಲ. ನಮ್ಮ ಮನೆಯಲ್ಲೂ ಸೋಪಿದೆ. ಹೆಣ್ಣುಮಕ್ಕಳ ಸಂಘಗಳು ಮನಸ್ಸು ಮಾಡಿದರೆ ಊರಿನಲ್ಲೇ ಸೋಪು ಮಾಡಬಹುದು. ಒಂದು ಕೆ.ಜಿ. ಕೊಬ್ಬರಿ ಎಣ್ಣೆಗೆ ಸುಮಾರು 170 ಗ್ರಾಂ ಕಾಸ್ಟಿಕ್ ಸೋಡಾ ಸಾಕು. ಆದರೆ ಅದು ಮೈ ಸುಡುವ ವಸ್ತು, ತಿಳಿದವರ ಹತ್ತಿರ ಕಲಿತೇ ಕೈ ಹಾಕಬೇಕು. ಸೀಗೆಗೆ ಆ ಭಯವೂ ಇಲ್ಲ.

ಹೋದ ಮಳೆಗಾಲದಲ್ಲಿ ನಾನು ತಂತಿ ಬೇಲಿಯ ಉದ್ದಕ್ಕೆ ಮತ್ತೆ ಸೀಗೆ ಬೀಜ ಹಾಕಿದ್ದೇನೆ. ಅವ್ವನೇ ದಿನಾ ನೀರು ಹಾಕುತ್ತಾರೆ. ಒಂದು ಅಂಟುವಾಳವನ್ನೂ ಇಟ್ಟಿದ್ದೇನೆ. ಅದು ಕಾಯಿ ಬಿಡಲು ಎಂಟು ಹತ್ತು ವರ್ಷ ಬೇಕು. ಬೇಕಾದರೆ ಬೇಕಾಗಲಿ, ನಮ್ಮ ಸಂಘಕ್ಕೂ ಇಪ್ಪತ್ತೈದು ವರ್ಷ ಬೇಕಾಯಿತಲ್ಲವೇ?

ಆಡಳಿತ ಮಂಡಳಿಯ ಮುಂದಿನ ಸಭೆಯಲ್ಲಿ ನಾನೊಂದು ವಿಷಯ ಮಂಡಿಸುವವನಿದ್ದೇನೆ. ಮುಂಗಾರಿಗೆ ಗೊಬ್ಬರ ತರಿಸುವಾಗ, ನರ್ಸರಿಯಿಂದ ಸದಸ್ಯರ ಮನೆಗೆ ಒಂದರಂತೆ ಸೀಗೆ, ಒಂದು ಅಂಟುವಾಳ, ಬೇಕೆಂದವರಿಗೆ ಒಂದು ಗಂಧದ ಸಸಿಯನ್ನೂ ತರಿಸಬೇಕು. ತಾವು ಬೆಂಬಲಿಸಬೇಕೆಂದು ಕೇಳಿಕೊಳ್ಳುತ್ತೇನೆ. ಗಂಧದ ಸಸಿ ಒಯ್ದವರು ಪಕ್ಕದಲ್ಲಿ ತೊಗರಿ ಹಾಕುವುದನ್ನು ಮರೆಯಬೇಡಿ. ನನ್ನ ನಾಲ್ಕು ಹೋದದ್ದು ಸಾಕು.

ಸಂಘ ನೂರು ಕಾಲ ಬಾಳಲಿ.