ವೆಲ್ಡಿಂಗ್ ರಾಡಿನ ಅಳತೆಗೂ ಒಂದು ಚರಿತ್ರೆಯಿದೆ

ವೆಲ್ಡಿಂಗ್ ರಾಡನ್ನು ನೀವು ನೋಡಿಯೇ ಇರುತ್ತೀರಿ. ಒಳಗೆ ಉಕ್ಕಿನ ತಂತಿ, ಸುತ್ತಲೂ ಲೇಪ, ಹೋಲ್ಡರಿಗೆ ಸಿಕ್ಕಿಸುವ ತುದಿ ಮಾತ್ರ ಬರಿದು. ಈ ರೂಪ ಒಮ್ಮೆಲೇ ಬಂದದ್ದಲ್ಲ.

1888ರಲ್ಲಿ ರಷ್ಯಾದ ನಿಕೊಲಾಯ್ ಸ್ಲಾವ್ಯಾನೊವ್ ಲೋಹದ ಕಡ್ಡಿಯನ್ನೇ ವಿದ್ಯುತ್ ಕಿಡಿಯಲ್ಲಿ ಕರಗಿಸಿ ಬೆಸುಗೆ ಹಾಕಿದರು. ಅದು ಬರಿಯ ಕಡ್ಡಿ. ಗಾಳಿ ಸೇರಿದ ಬೆಸುಗೆ ಪೆಡಸಾಗುತ್ತಿತ್ತು. 1904ರಲ್ಲಿ ಇಸಾಬ್ ಕಂಪೆನಿಯನ್ನು ಸ್ಥಾಪಿಸಿದ ಸ್ವೀಡನ್ನಿನ ಆಸ್ಕರ್ ಕೆಲ್‌ಬರ್ಗ್ ತಂತಿಗೆ ಲೇಪ ಹಚ್ಚುವ ದಾರಿ ತೋರಿಸಿದರು.

ಅಮೆರಿಕದ ವೆಲ್ಡಿಂಗ್ ಸೊಸೈಟಿ ಹುಟ್ಟಿದ್ದು 1919ರಲ್ಲಿ. ಸಾಧಾರಣ ಉಕ್ಕಿನ ರಾಡುಗಳಿಗೆ 1940ರಲ್ಲಿ, ಕಡಿಮೆ ಮಿಶ್ರಲೋಹದ ಉಕ್ಕಿನ ರಾಡುಗಳಿಗೆ 1948ರಲ್ಲಿ ಮಾನಕಗಳು ಬಂದವು. ಎರಡನೆಯದು ಇಂದು ಎ5.5 ಎಂಬ ಹೆಸರಿನಲ್ಲಿದೆ. ಬೇರೆ ಮಾನಕ ಏಕೆಂದರೆ, ಬಾಯ್ಲರಿನ ಬಿಸಿ ಹಬೆಯ ಕೊಳವೆಯಲ್ಲಿ ಕ್ರೋಮಿಯಂ, ಮಾಲಿಬ್ಡಿನಂ ಇರುತ್ತವೆ. ಬೆಸುಗೆಯಲ್ಲೂ ಅವು ಇರಬೇಕು. ಇಲ್ಲವಾದರೆ ಆ ಶಾಖದಲ್ಲಿ ಬೆಸುಗೆ ವರ್ಷಗಳು ಕಳೆದಂತೆ ಸೋಲುತ್ತದೆ.

ಈ ಮಾನಕ ರಾಸಾಯನಿಕ ಅಂಶಗಳಿಗೆ ನಿಲ್ಲುವುದಿಲ್ಲ, ಆಕಾರಕ್ಕೂ ಕಟ್ಟುಪಾಡು ಹಾಕುತ್ತದೆ. ತಂತಿಯ ವ್ಯಾಸದಲ್ಲಿ 0.05 ಮಿ.ಮೀ.ಗಿಂತ ಹೆಚ್ಚು ಏರುಪೇರು ಕೂಡದು. ತಂತಿಯ ಜೊತೆಗೆ ಒಂದು ಬದಿಯ ಲೇಪವನ್ನು ಸೇರಿಸಿ ಸುತ್ತಲೂ ಅಳೆದರೆ, ಅತಿ ಹೆಚ್ಚು ಮತ್ತು ಅತಿ ಕಡಿಮೆ ಅಳತೆಗಳ ಅಂತರ ಸರಾಸರಿಯ ಶೇಕಡಾ 7ನ್ನು ಮೀರಬಾರದು. ಇದು 2.4 ಮಿ.ಮೀ. ರಾಡಿಗೆ. 3.2 ಮತ್ತು 4 ಮಿ.ಮೀ. ರಾಡಿಗೆ ಶೇಕಡಾ 5, ಅದಕ್ಕಿಂತ ದಪ್ಪದವಕ್ಕೆ 4. ಇಷ್ಟು ಬಿಗಿ ಏಕೆಂದು ನಿಮಗೆ ಅನಿಸಬಹುದು. ಲೇಪ ಒಂದು ಕಡೆ ತೆಳುವಾದರೆ ಆ ಬದಿ ಬೇಗ ಉರಿದು, ರಾಡಿನ ತುದಿ ಬೆರಳಿನ ಉಗುರಿನಂತೆ ಓರೆಯಾಗುತ್ತದೆ. ಕಿಡಿ ಪಕ್ಕಕ್ಕೆ ವಾಲುತ್ತದೆ. ಕೈ ಎಷ್ಟೇ ಪಳಗಿದ್ದರೂ ಬೆಸುಗೆ ನೇರ ಬರುವುದು ಕಷ್ಟ.

ನನಗೆ ಬಹಳ ಹಿಡಿಸಿದ ನಿಯಮ ಇನ್ನೊಂದು. ರಾಡಿನ ವರ್ಗದ ಹೆಸರನ್ನು ಹಿಡಿತದ ತುದಿಯಿಂದ ಎರಡೂವರೆ ಇಂಚಿನೊಳಗೆ ಲೇಪದ ಮೇಲೆ ಅಚ್ಚು ಹಾಕಬೇಕು. ಇ7018 ಮತ್ತು ಇ8018-ಬಿ2 ರಾಡುಗಳನ್ನು ಪಕ್ಕಪಕ್ಕ ಇಟ್ಟರೆ ಕಣ್ಣಿಗೆ ಒಂದೇ. ಮೊದಲನೆಯದು ಸಾಧಾರಣ ಉಕ್ಕಿನದು. ಎರಡನೆಯದರಲ್ಲಿ ಸುಮಾರು ಶೇಕಡಾ 1.25 ಕ್ರೋಮಿಯಂ, 0.5 ಮಾಲಿಬ್ಡಿನಂ ಇರುತ್ತವೆ. ಹಬೆಯ ಕೊಳವೆಗೆ ಮೊದಲನೆಯದನ್ನು ಹಾಕಿದರೆ ಅಂದು ಯಾರಿಗೂ ತಿಳಿಯದು. ಉರಿಯುವುದು ಇನ್ನೊಂದು ತುದಿಯಿಂದಾದ್ದರಿಂದ, ಅಚ್ಚು ಕೊನೆಯವರೆಗೂ ಕಣ್ಣಿಗೆ ಕಾಣುತ್ತದೆ.

ನಮ್ಮ ದೇಶದಲ್ಲಿ ಭಾರತೀಯ ಮಾನಕ ಸಂಸ್ಥೆ 1947ರಲ್ಲಿ ಆರಂಭವಾಯಿತು. ಈ ಬಗೆಯ ರಾಡುಗಳಿಗಾಗಿ ಅದು ತಂದದ್ದು ಐಎಸ್ 1395. ಆದರೆ ಕಾರ್ಯಾಗಾರದ ಮಾತು ಇನ್ನೂ ಹಳೆಯದು. ಬ್ರಿಟನ್ನಿನಲ್ಲಿ 1884ರಲ್ಲಿ ಕಾನೂನುಬದ್ಧವಾದ ತಂತಿ ಗೇಜು ಇಲ್ಲಿ ಬಾಯಿಂದ ಬಾಯಿಗೆ ಉಳಿದಿದೆ. ‘ಹತ್ತು ಗೇಜ್ ಕೊಡಿ’ ಎಂದರೆ ಅಂಗಡಿಯವರು ಕೊಡುವ ಪೊಟ್ಟಣದ ಮೇಲೆ 3.15 ಮಿ.ಮೀ. ಎಂದಿರುತ್ತದೆ. ಊರಿನಲ್ಲಾಗಲಿ ಗಲ್ಫಿನಲ್ಲಾಗಲಿ ಪೈಪ್ ವೆಲ್ಡಿಂಗಿನ ಪರೀಕ್ಷೆಗೆ ಕೂರುವ ವಿದ್ಯಾರ್ಥಿಗಳೇ, ಅಲ್ಲಿ ಕೊಡುವ ಹಾಳೆಯಲ್ಲಿ ಗೇಜು ಇರುವುದಿಲ್ಲ. ರಾಡಿನ ವರ್ಗ ಮತ್ತು ಮಿ.ಮೀ. ಇರುತ್ತವೆ. ಕೈಗೆ ರಾಡು ಬಂದೊಡನೆ ಮೊದಲು ಆ ಅಚ್ಚನ್ನು ಓದಿಕೊಳ್ಳಿ.