ಜಿನಿವಾಗೆ ಹೋದ ಹಸಿರು ಶಾಲು, ನಾಗಮಂಗಲದ ಮತಯಂತ್ರ

ಮನೆಯಲ್ಲಿ ಅರವತ್ತು ದಾಟಿದವರಿದ್ದರೆ ‘ಡಂಕೆಲ್ ಅಂದ್ರೆ ಯಾರು?’ ಅಂತ ಒಮ್ಮೆ ಕೇಳಿ ನೋಡಿ. ಹೆಸರು ಎಲ್ಲೋ ಕೇಳಿದ ಹಾಗಿದೆ ಅನ್ನುತ್ತಾರೆ. ಆರ್ಥರ್ ಡಂಕೆಲ್ ಸ್ವಿಟ್ಜರ್ಲೆಂಡಿನ ಅಧಿಕಾರಿ. ದೇಶ ದೇಶಗಳ ನಡುವಿನ ವ್ಯಾಪಾರದ ಗ್ಯಾಟ್ ಒಪ್ಪಂದಕ್ಕೆ ಜಿನಿವಾದಲ್ಲಿ ಒಂದು ಕಚೇರಿ ಇತ್ತು, ಆತ ಅದರ ಮುಖ್ಯಸ್ಥ. 1991ರ ಡಿಸೆಂಬರ್‌ನಲ್ಲಿ ಆತ ಒಂದು ಕರಡು ಮುಂದಿಟ್ಟ. ಅದೇ ಬೆಳೆದು 1995ರ ಜನವರಿ 1ಕ್ಕೆ ವಿಶ್ವ ವ್ಯಾಪಾರ ಸಂಸ್ಥೆ ಆಯಿತು.

ಆ ಕರಡನ್ನು ನಮ್ಮ ಹಳ್ಳಿಗಳ ಜಗಲಿಗೆ ತಂದಿದ್ದು ಯಾವ ದೊಡ್ಡ ಪಕ್ಷವೂ ಅಲ್ಲ. ತಂದಿದ್ದು ಕರ್ನಾಟಕ ರಾಜ್ಯ ರೈತ ಸಂಘ. ಆ ಸಂಘದೊಳಗಿಂದ ಒಂದು ಸಣ್ಣ ಪಕ್ಷ ಹುಟ್ಟಿ, ನಮ್ಮ ಪಕ್ಕದ ಪಾಂಡವಪುರದಲ್ಲಿ ಬೇರು ಬಿಟ್ಟು, ನಮ್ಮ ನಾಗಮಂಗಲದಲ್ಲಿ ಯಾಕೆ ಬಿಡಲಿಲ್ಲ ಅನ್ನುವುದನ್ನು ಹೊಣಕೆರೆ ಹೋಬಳಿಯ ಓದುಗರ ಜೊತೆ ಮಾತಾಡೋಣ ಅಂತ ಇದನ್ನು ಬರೆಯುತ್ತಿದ್ದೇವೆ.

ಇಂಥ ಸಣ್ಣ ಪಕ್ಷಗಳು ನಮ್ಮಲ್ಲಿ ಮಾತ್ರ ಇಲ್ಲ. 2004ರಲ್ಲಿ ಸ್ಕಾಟ್ಲೆಂಡಿನಲ್ಲಿ ‘ಫ್ರೀ ಸ್ಕಾಟ್ಲೆಂಡ್ ಪಾರ್ಟಿ’ ಅಂತ ಒಂದು ಹುಟ್ಟಿತು. ನಮಗೆ ಲಂಡನ್ನಿನ ಆಳ್ವಿಕೆಯೂ ಬೇಡ, ಐರೋಪ್ಯ ಒಕ್ಕೂಟವೂ ಬೇಡ ಅನ್ನುವುದು ಅವರ ವಾದ. ಸ್ವಾತಂತ್ರ್ಯ ಕೇಳುವ ದೊಡ್ಡ ಪಕ್ಷ ಅಲ್ಲಿ ಮೊದಲೇ ಇತ್ತು, ಆದರೆ ಅದು ಒಕ್ಕೂಟದಲ್ಲಿ ಇರೋಣ ಅನ್ನುತ್ತಿತ್ತು. ಸಣ್ಣ ಪಕ್ಷಕ್ಕೆ ವೋಟು ಬೀಳಲಿಲ್ಲ. ನಮ್ಮ ರೈತ ಸಂಘದವರು ದೇಶದಿಂದ ಬೇರೆ ಆಗಬೇಕು ಅಂತ ಯಾವತ್ತೂ ಕೇಳಿದವರಲ್ಲ. ಆದರೆ ನಮ್ಮ ಹೊಲದ ತೀರ್ಮಾನ ದೂರದಲ್ಲೆಲ್ಲೋ ಆಗಬಾರದು ಅನ್ನುವ ಸಿಟ್ಟು ಮಾತ್ರ ಅದೇ ಜಾತಿಯದು.

ಸಂಘ ಹುಟ್ಟಿದ್ದು 1980ರಲ್ಲಿ. ಆ ಜುಲೈನಲ್ಲಿ ನರಗುಂದ, ನವಲಗುಂದದಲ್ಲಿ ನೀರಿನ ಕರದ ವಿರುದ್ಧ ಎದ್ದ ರೈತರ ಮೇಲೆ ಗೋಲಿಬಾರ್ ಆಯಿತು. ಆ ಕಿಚ್ಚಿನಲ್ಲೇ ಶಿವಮೊಗ್ಗ ಕಡೆಯ ಎಚ್.ಎಸ್. ರುದ್ರಪ್ಪ, ಎನ್.ಡಿ. ಸುಂದರೇಶ್, ಕಡಿದಾಳು ಶಾಮಣ್ಣ, ಕಾನೂನು ಪಾಠ ಹೇಳುತ್ತಿದ್ದ ಪ್ರೊ. ಎಂ.ಡಿ. ನಂಜುಂಡಸ್ವಾಮಿ ಇವರೆಲ್ಲ ಒಂದಾದರು. ಹಸಿರು ಶಾಲು ಹೆಗಲಿಗೆ ಬಂತು. ಅಪ್ಪಣೆ ಇಲ್ಲದೆ ಸರ್ಕಾರಿ ಅಧಿಕಾರಿಗಳು ಊರೊಳಗೆ ಬರಬಾರದು ಎಂಬ ಬೋರ್ಡುಗಳು ಊರ ಬಾಗಿಲಲ್ಲಿ ನಿಂತವು. ಸಾಲಕ್ಕೆ ಮನೆ ಸಾಮಾನು ಜಪ್ತಿ ಮಾಡಿದರೆ, ಗುಂಪಾಗಿ ಹೋಗಿ ವಾಪಸ್ ಹೊತ್ತು ತರುವುದಕ್ಕೆ ‘ಮರುಜಪ್ತಿ’ ಅಂತ ಹೆಸರಾಯಿತು. ಕಾನೂನು ಓದಿದವರು ಜೊತೆಗಿದ್ದರೆ ಹೆಸರಿಡುವುದಕ್ಕೂ ಧೈರ್ಯ ಬರುತ್ತದೆ.

ಡಂಕೆಲ್ ಕರಡನ್ನು ನಂಜುಂಡಸ್ವಾಮಿಯವರು ಜನಕ್ಕೆ ಅರ್ಥ ಮಾಡಿಸಿದ್ದು ಬಿತ್ತನೆ ಬೀಜದ ಮೂಲಕ. ಬೀಜಕ್ಕೂ ಪೇಟೆಂಟ್ ಬಂದರೆ, ಈ ಸಲ ಬೆಳೆದ ರಾಗಿಯಲ್ಲಿ ಮುಂದಿನ ಸಲಕ್ಕೆ ಬೀಜ ಎತ್ತಿಟ್ಟುಕೊಳ್ಳುವುದೇ ತಪ್ಪಾಗಬಹುದು ಅಂದರು. 1992ರ ಡಿಸೆಂಬರ್ ಕೊನೆಯಲ್ಲಿ ರೈತರು ಬೆಂಗಳೂರಿನ ಕಾರ್ಗಿಲ್ ಬೀಜ ಕಂಪನಿಯ ಕಚೇರಿಗೆ ನುಗ್ಗಿ ಕಡತಗಳನ್ನು ಬೀದಿಗೆ ಎಸೆದು ಸುಟ್ಟರು. 1993ರಲ್ಲಿ ಬಳ್ಳಾರಿ ಕಡೆ ಅದೇ ಕಂಪನಿಯ ಕಟ್ಟಡದ ಮೇಲೂ ದಾಳಿ ಆಯಿತು. 1996ರ ಜನವರಿ 30ಕ್ಕೆ ಬ್ರಿಗೇಡ್ ರಸ್ತೆ ಹತ್ತಿರದ ಕೆಂಟಕಿ ಕೋಳಿ ಅಂಗಡಿ, 1998ರ ನವೆಂಬರ್‌ನಲ್ಲಿ ಸಿಂಧನೂರು ಕಡೆ ಮೊನ್ಸಾಂಟೋ ಹತ್ತಿ ಹೊಲ. ಗಾಂಧಿ ತೀರಿಕೊಂಡ ದಿನವೇ ಕಲ್ಲು ಎಸೆದಿದ್ದು ಸರಿಯೇ ಅಂತ ಆಗಲೂ ಕೇಳಿದವರಿದ್ದರು. ನಮಗೂ ಅದು ಸರಿ ಕಾಣುವುದಿಲ್ಲ. ಆದರೆ ಸಂಸತ್ತಿನಲ್ಲಿ ಚರ್ಚೆ ಆಗದೆಯೇ ಸಹಿ ಬೀಳುತ್ತಿದೆ ಅನ್ನುವ ಅವರ ದೂರನ್ನು ತಳ್ಳಿಹಾಕುವ ಹಾಗಿರಲಿಲ್ಲ.

1999ರ ಮೇ, ಜೂನ್‌ನಲ್ಲಿ ನೂರಾರು ಭಾರತೀಯ ರೈತರು ಯುರೋಪಿಗೇ ಹೋದರು. ಹೆಚ್ಚಿನವರು ಪಂಜಾಬಿನವರು ಮತ್ತು ನಮ್ಮ ಕರ್ನಾಟಕದವರು. ಬಸ್ಸುಗಳಲ್ಲಿ ದೇಶದಿಂದ ದೇಶಕ್ಕೆ ಸುತ್ತಿದರು, ಜಿನಿವಾದಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ ಎದುರು ಘೋಷಣೆ ಕೂಗಿದರು, ಜರ್ಮನಿಯ ಕೊಲೋನ್‌ನಲ್ಲಿ ಜಿ-8 ನಾಯಕರ ಸಭೆ ನಡೆಯುವಾಗ ಅಲ್ಲಿಗೂ ತಲುಪಿದರು. ಫ್ರಾನ್ಸಿನಲ್ಲಿ ಜೋಸೆ ಬೊವೆ ಎಂಬ ಕುರಿ ಸಾಕುವ ರೈತ ನಾಯಕನ ಸಂಗಡಿಗರ ಜೊತೆ ಸೇರಿ, ಮಾಂಟ್‌ಪೆಲಿಯೆಯ ಸಂಶೋಧನಾ ಕೇಂದ್ರದಲ್ಲಿದ್ದ ಕುಲಾಂತರಿ ಭತ್ತದ ಸಸಿ ಕಿತ್ತರು.

ಇದರಲ್ಲಿ ಒಂದು ತಮಾಷೆ ಇದೆ. ಐರೋಪ್ಯ ಒಕ್ಕೂಟ ತನ್ನ ರೈತರಿಗೆ ಕೊಡುವ ಸಬ್ಸಿಡಿಯಿಂದ ನಮ್ಮವರಿಗೆ ಪೆಟ್ಟು. ಆದರೂ ಅಲ್ಲಿನ ಸಣ್ಣ ರೈತರೇ ಬ್ರಸೆಲ್ಸಿನ ಕೃಷಿ ನೀತಿ ದೊಡ್ಡ ಕಂಪನಿಗಳಿಗೆ ಅಂತ ದೂರುತ್ತಿದ್ದರು. ಎರಡೂ ಕಡೆಯವರು ಒಂದೇ ಪಂಕ್ತಿಯಲ್ಲಿ ಕೂತು ಉಂಡರು.

ಆ ಪೆಟ್ಟು ಬರೀ ಮಾತಲ್ಲ. ಹಾಲು ಹಾಕುವ ಮನೆಯವರು ಇದನ್ನು ಗಮನವಿಟ್ಟು ಓದಿ. ಹಾಲಿನ ಪುಡಿಗೆ ಆಮದು ಸುಂಕವನ್ನೇ ಹಾಕುವುದಿಲ್ಲ ಅಂತ ನಮ್ಮ ದೇಶ ಗ್ಯಾಟ್ ಒಪ್ಪಂದದಲ್ಲಿ ಹಿಂದೆ ಎಂದೋ ಮಾತು ಕೊಟ್ಟುಬಿಟ್ಟಿತ್ತು. ತೊಂಬತ್ತರ ದಶಕದ ಕೊನೆಯಲ್ಲಿ ಯುರೋಪಿನ ಸಬ್ಸಿಡಿ ಪುಡಿ ಅಗ್ಗಕ್ಕೆ ಬರತೊಡಗಿದಾಗ ತಡೆಯಲು ಕೈಯಲ್ಲಿ ಏನೂ ಇರಲಿಲ್ಲ. ಮತ್ತೆ ಜಿನಿವಾದಲ್ಲಿ ಕೂತು ಮಾತಾಡಿದ ಮೇಲೆ, ವರ್ಷಕ್ಕೆ 10,000 ಟನ್‌ವರೆಗೆ ಶೇ. 15, ಅದಕ್ಕಿಂತ ಹೆಚ್ಚು ಬಂದರೆ ಶೇ. 60 ಸುಂಕ ಹಾಕುವ ಅವಕಾಶ ಸಿಕ್ಕಿತು. ಡೈರಿಯಲ್ಲಿ ಲೀಟರಿಗೆ ಎಷ್ಟು ಕೊಡುತ್ತಾರೆ ಅನ್ನುವ ಲೆಕ್ಕದ ಹಿಂದೆ ಇಂಥ ಒಂದು ಕಾಗದವೂ ಇದೆ. 2019ರ ನವೆಂಬರ್‌ನಲ್ಲಿ ಆರ್‌ಸಿಇಪಿ ಒಪ್ಪಂದದಿಂದ ಭಾರತ ಹೊರಗೆ ಬಂತಲ್ಲ, ಅದರ ಮುಂಚೆ ಬೀದಿಗಿಳಿದಿದ್ದೂ ಹೈನುಗಾರರು ಮತ್ತು ರೈತ ಸಂಘಗಳೇ.

ಬೀಜದ ವಿಷಯದಲ್ಲಂತೂ ಕೂಗಿದ್ದು ವ್ಯರ್ಥ ಆಗಲಿಲ್ಲ. 2001ರಲ್ಲಿ ಬಂದ ಸಸ್ಯ ತಳಿ ಸಂರಕ್ಷಣೆ ಕಾಯ್ದೆಯ ಹೆಸರಿನಲ್ಲೇ ‘ರೈತರ ಹಕ್ಕು’ ಸೇರಿತು. ಬೆಳೆದ ಬೀಜ ಎತ್ತಿಡಬಹುದು, ಬಿತ್ತಬಹುದು, ಪಕ್ಕದವರಿಗೆ ಕೊಡಬಹುದು. ಬ್ರ್ಯಾಂಡ್ ಹಾಕದೆ ಮಾರಲೂಬಹುದು.

ಇನ್ನು ವೋಟಿನ ಕಥೆ. ಚುನಾವಣೆಗೆ ನಿಲ್ಲಬೇಕೋ ಬೇಡವೋ ಅನ್ನುವ ಜಗಳ ಸಂಘದಲ್ಲಿ ಮೊದಲಿನಿಂದಲೂ ಇತ್ತು. 1989ರಲ್ಲಿ ಬಾಬಾಗೌಡ ಪಾಟೀಲರು ಕಿತ್ತೂರು, ಧಾರವಾಡ ಗ್ರಾಮೀಣ ಎರಡರಲ್ಲೂ ಗೆದ್ದರು. ಅವರು ಬಿಟ್ಟ ಧಾರವಾಡದಿಂದ ಉಪಚುನಾವಣೆಯಲ್ಲಿ ನಂಜುಂಡಸ್ವಾಮಿ ವಿಧಾನಸಭೆಗೆ ಬಂದರು. ಬಾಬಾಗೌಡರು ಮುಂದೆ ಬಿಜೆಪಿ ಸೇರಿ ಕೇಂದ್ರದಲ್ಲಿ ಮಂತ್ರಿಯೂ ಆದರು. 1994ರಲ್ಲಿ ಸಂಘದಿಂದ ಗೆದ್ದಿದ್ದು ಒಬ್ಬರೇ: ಪಾಂಡವಪುರ ತಾಲ್ಲೂಕು ಕ್ಯಾತನಹಳ್ಳಿಯ ಕೆ.ಎಸ್. ಪುಟ್ಟಣ್ಣಯ್ಯ.

ಆಮೇಲೆ ಸಂಘ ಒಡೆಯಿತು. ಒಂದು ಬಣಕ್ಕೆ ಪುಟ್ಟಣ್ಣಯ್ಯ, ಇನ್ನೊಂದಕ್ಕೆ ನಂಜುಂಡಸ್ವಾಮಿ. ಪ್ರೊಫೆಸರ್ 2004ರ ಫೆಬ್ರವರಿ 3ರಂದು ತೀರಿಕೊಂಡರು. ಮರುವರ್ಷ ದೇವನೂರ ಮಹಾದೇವ, ಪುಟ್ಟಣ್ಣಯ್ಯ ಮೊದಲಾದವರು ದಲಿತ ಚಳವಳಿ, ರೈತ ಚಳವಳಿ ಎರಡನ್ನೂ ಕೂಡಿಸಿ ಸರ್ವೋದಯ ಕರ್ನಾಟಕ ಪಕ್ಷ ಕಟ್ಟಿದರು. ಹೊಲದ ಮಾಲೀಕನೂ ಕೂಲಿಯವನೂ ಒಂದೇ ಪಕ್ಷದಲ್ಲಿ ಕೂರುವುದು ಹಳ್ಳಿಯಲ್ಲಿ ಎಷ್ಟು ಕಷ್ಟ ಅಂತ ನಿಮಗೆ ನಾವು ಹೇಳಬೇಕಿಲ್ಲ. 2013ರಲ್ಲಿ ಮೇಲುಕೋಟೆ ಕ್ಷೇತ್ರದಿಂದ ಆ ಪಕ್ಷದ ಹೆಸರಲ್ಲಿ ಪುಟ್ಟಣ್ಣಯ್ಯ ಗೆದ್ದರು. 2017ರಲ್ಲಿ ಪಕ್ಷ ಯೋಗೇಂದ್ರ ಯಾದವರ ಸ್ವರಾಜ್ ಇಂಡಿಯಾ ಜೊತೆ ಸೇರಿತು. 2018ರ ಫೆಬ್ರವರಿ 18ರಂದು ಮಂಡ್ಯದಲ್ಲಿ ಕಬಡ್ಡಿ ನೋಡುತ್ತಿದ್ದಾಗ ಹೃದಯಾಘಾತವಾಗಿ ಪುಟ್ಟಣ್ಣಯ್ಯ ಹೋದರು. ಅಮೆರಿಕದಿಂದ ಬಂದ ಮಗ ದರ್ಶನ್ ಆ ವರ್ಷ ಸಿ.ಎಸ್. ಪುಟ್ಟರಾಜು ಎದುರು 22 ಸಾವಿರಕ್ಕೂ ಹೆಚ್ಚು ಮತದಿಂದ ಸೋತರು. 2023ರಲ್ಲಿ ಮತ್ತೆ ಸರ್ವೋದಯ ಕರ್ನಾಟಕದ ಹೆಸರಲ್ಲೇ ನಿಂತು ಅವರನ್ನೇ 10 ಸಾವಿರಕ್ಕೂ ಹೆಚ್ಚು ಮತದಿಂದ ಸೋಲಿಸಿದರು. ಎರಡೂ ಸಲ ಕಾಂಗ್ರೆಸ್ ಅಭ್ಯರ್ಥಿ ಹಾಕದೆ ಬೆಂಬಲಿಸಿತ್ತು ಅನ್ನುವುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಹಾಗಾದರೆ ನಮ್ಮ ನಾಗಮಂಗಲ? ಇಲ್ಲಿ ಹಸಿರು ಶಾಲು ಇಲ್ಲ ಅಂತಲ್ಲ, ತಾಲ್ಲೂಕು ಕಚೇರಿ ಎದುರು ಧರಣಿ ಕೂತವರನ್ನು ನೀವೂ ನೋಡಿದ್ದೀರಿ. ಆದರೆ 1999ರಿಂದ 2023ರವರೆಗೆ ಆರು ವಿಧಾನಸಭಾ ಚುನಾವಣೆಯಲ್ಲಿ ಇಲ್ಲಿಂದ ಗೆದ್ದವರು ಚಲುವರಾಯಸ್ವಾಮಿ, ಸುರೇಶ್‌ಗೌಡ ಇಬ್ಬರೇ. ನಮ್ಮ ಲೆಕ್ಕದಲ್ಲಿ ಇದಕ್ಕೆ ಮುಖ್ಯ ಕಾರಣ ನೀರು. ಪಾಂಡವಪುರ ಕಡೆ ನಾಲೆ ಇದೆ, ಭತ್ತ ಇದೆ, ಕಬ್ಬಿದೆ. ನಾಲೆಗೆ ನೀರು ಬಿಡದಿದ್ದರೆ, ಕಾರ್ಖಾನೆ ಬಾಕಿ ಕೊಡದಿದ್ದರೆ, ಒಂದೇ ದಿನ ಸಾವಿರ ಮನೆಗೆ ಒಂದೇ ಕಷ್ಟ. ಟ್ರ್ಯಾಕ್ಟರ್ ಹತ್ತಲು ಯಾರೂ ಕರೆಯಬೇಕಿಲ್ಲ. ನಮ್ಮಲ್ಲಿ ಹೆಚ್ಚಿನದು ಒಣಭೂಮಿ, ರಾಗಿ, ತೆಂಗು. ಒಬ್ಬನ ಬೋರು ಬತ್ತಿದರೆ ಅದು ಅವನೊಬ್ಬನ ಹಣೆಬರಹ. ಕೊಬ್ಬರಿಯನ್ನು ಒಬ್ಬ ಇವತ್ತು ಮಾರುತ್ತಾನೆ, ಇನ್ನೊಬ್ಬ ಅಟ್ಟದಲ್ಲೇ ಇಟ್ಟುಕೊಂಡು ಕಾಯುತ್ತಾನೆ. ಸಿಟ್ಟು ಒಂದೇ ದಿನಕ್ಕೆ ಬೀಳುವುದಿಲ್ಲ. ಬೋರಿಗೆ ಕರೆಂಟ್ ಸಂಪರ್ಕ, ಊರಿಗೆ ರಸ್ತೆ ಬೇಕಾದಾಗ ಗೆಲ್ಲುವ ನಾಯಕನ ಪರಿಚಯವೇ ಕೆಲಸಕ್ಕೆ ಬರುತ್ತದೆ.

ಆದರೆ ದೂರದ ಕಾಗದ ನಮ್ಮನ್ನು ಬಿಟ್ಟಿಲ್ಲ. 1994ರಲ್ಲಿ ತಾಳೆ ಎಣ್ಣೆ ಆಮದನ್ನು ಖಾಸಗಿಯವರಿಗೆ ತೆರೆದರು. 2001ರ ಏಪ್ರಿಲ್ 1ರಿಂದ ಆಮದಿನ ಪ್ರಮಾಣದ ಮೇಲಿದ್ದ ಉಳಿದ ಮಿತಿಗಳೂ ಹೋದವು. ಅದೇ ಹೊತ್ತಿಗೆ ತೆಂಗಿಗೆ ನುಸಿ ಬಿದ್ದಿತ್ತು. ನೀರಾ ಇಳಿಸಲು ಬಿಡಿ ಅಂತ ರೈತ ಸಂಘ ಹೋರಾಡಿತು. ಆ ಅಕ್ಟೋಬರ್‌ನಲ್ಲಿ ಚನ್ನಪಟ್ಟಣ ತಾಲ್ಲೂಕಿನ ವಿಠಲೇನಹಳ್ಳಿಯಲ್ಲಿ ಪೊಲೀಸರ ಗುಂಡಿಗೆ ಇಬ್ಬರು ಬಲಿಯಾದರು. ಆಗ ಮುಖ್ಯಮಂತ್ರಿ ನಮ್ಮ ಜಿಲ್ಲೆಯವರೇ ಆದ ಎಸ್.ಎಂ. ಕೃಷ್ಣ. 2023ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ರೂಪಾಯಿ ಇದ್ದಾಗ, ಮಾರುಕಟ್ಟೆ ಅದಕ್ಕಿಂತ ಎಷ್ಟು ಕೆಳಗಿತ್ತು ಅಂತ ಮಾರಿದವರಿಗೆ ಗೊತ್ತು.

ಅದೇ 2023ರಲ್ಲಿ ರಾಜ್ಯದ ಕೃಷಿ ಮಂತ್ರಿ ಆದವರು ನಮ್ಮ ನಾಗಮಂಗಲದ ಶಾಸಕರು. ಸದನದ 224 ಜನರಲ್ಲಿ ರೈತರ ಪಕ್ಷದಿಂದ ಗೆದ್ದ ಒಬ್ಬರೇ ಒಬ್ಬರು ಪಕ್ಕದ ಮೇಲುಕೋಟೆಯ ಶಾಸಕರು. ಬೆಂಬಲ ಬೆಲೆ ನಿಗದಿ ಆಗುವುದೂ, ಎಣ್ಣೆಯ ಆಮದು ಸುಂಕ ತೀರ್ಮಾನ ಆಗುವುದೂ ದೆಹಲಿಯಲ್ಲಿ.